ಒಬ್ಬರಿಗೆ ಹಾರ, ಒಬ್ಬರಿಗೆ ಇಟ್ಟಿಗೆ: ಮಾರ್ವೆಲ್‌ನ ನ್ಯೂಯಾರ್ಕ್ ಜನರಿಗೆ ತಲೆ ಕೆಟ್ಟಿದೆಯೇ?

ಹಳೆಸಂಚಿಕೆ | ರಾತ್ರಿ 9:10
ಬಹಳ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿರುವ ಮುಳ್ಳು ಇದು. ಮಾರ್ವೆಲ್ ಕಾಮಿಕ್ಸ್ ಕಥೆಗಳ ನ್ಯೂಯಾರ್ಕ್ ಒಂದೇ ಊರು ತಾನೇ? ಫೆಂಟಾಸ್ಟಿಕ್ ಫೋರ್ ತಂಡ ಬೀದಿಗಿಳಿದರೆ ಅಲ್ಲಿನ ಜನ ಕೈ ಬೀಸುತ್ತಾರೆ, ರೀಡ್ ಮತ್ತು ಸೂ ಮದುವೆಯೆಂದರೆ ತಮ್ಮ ಮನೆಯದೇ ಮದುವೆ ಎಂಬಂತೆ ಸಂಭ್ರಮಿಸುತ್ತಾರೆ. ಎರಡು ಬೀದಿ ಆಚೆ ಎಕ್ಸ್-ಮೆನ್, ಅಂದರೆ ಹುಟ್ಟಿನಿಂದಲೇ ಶಕ್ತಿ ಪಡೆದ ಮ್ಯೂಟಂಟ್‌ಗಳ ತಂಡ, ಕಾಣಿಸಿಕೊಂಡರೆ ಅದೇ ಜನರ ಕೈಗೆ ಕಲ್ಲು ಬರುತ್ತದೆ. ಒಬ್ಬನ ಮೈಯೆಲ್ಲ ಬೆಂಕಿ ಹೊತ್ತಿಕೊಂಡರೆ ಚಪ್ಪಾಳೆ, ಇನ್ನೊಬ್ಬನ ಕಣ್ಣಿನಿಂದ ಕಿರಣ ಹೊರಟರೆ ಶಾಪ. ಈ ಶಕ್ತಿ ಹುಟ್ಟಿನಿಂದ ಬಂದದ್ದೋ, ಬಾಹ್ಯಾಕಾಶದ ಕಿರಣ ತಗುಲಿ ಬಂದದ್ದೋ ಎನ್ನುವುದು ಮೂಲೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಹಾಟ್‌ಡಾಗ್ ಮಾರುವವನಿಗೆ ಹೇಗೆ ಗೊತ್ತಾಗುತ್ತದೆ?

ಸ್ಪೈಡರ್‌ಮ್ಯಾನ್ ವಿಷಯ ಕೇಳಲೇಬೇಡಿ. 1962ರಿಂದ ಊರು ಕಾಯುತ್ತಿದ್ದಾನೆ, ಇನ್ನೂ ಅರ್ಧ ಊರಿಗೆ ಅವನು ಪುಂಡ.

ನನ್ನ ಪ್ರಕಾರ ಇದು ಬರಹಗಾರರ ಸೋಮಾರಿತನ. ನಾಯಕನಿಗೆ ಕಷ್ಟ ಬೇಕು, ಆದ್ದರಿಂದ ಜನ ದಡ್ಡರಾಗಬೇಕು. ಒಪ್ಪದವರು ಜಗಳಕ್ಕೆ ಬನ್ನಿ.

ಜೇಡರಕಾಲು | ರಾತ್ರಿ 9:17
ಬಂದೆ. ಸ್ಪೈಡರ್‌ಮ್ಯಾನ್‌ನನ್ನು ತನ್ನ ಪತ್ರಿಕೆಯಲ್ಲಿ ಬೈಯುತ್ತಲೇ ಇರುವ ಜೇಮ್ಸನ್‌ಗೆ ಕಾರಣ ಇದೆಯಲ್ಲ ಸ್ವಾಮಿ. ಅವನ ಮಗನಿಗೆ ಪೆಟ್ಟಾದದ್ದು ಸ್ಪೈಡರ್‌ಮ್ಯಾನ್‌ನಿಂದ. ತಂದೆಯ ಹೊಟ್ಟೆಯುರಿ ಇರುವುದಿಲ್ಲವೇ?

ತುಂಗಾತೀರ | ರಾತ್ರಿ 9:24
ಪೂರ್ತಿ ತಲೆಕೆಳಗು. 1963ರ ಮಾರ್ಚ್, ಸ್ವಂತ ಹೆಸರಿನ ಪತ್ರಿಕೆಯ ಮೊದಲ ಸಂಚಿಕೆ. ಜಾನ್ ಜೇಮ್ಸನ್ ಕುಳಿತಿದ್ದ ಬಾಹ್ಯಾಕಾಶ ನೌಕೆ ಹತೋಟಿ ತಪ್ಪಿ ಬೀಳುತ್ತಿರುತ್ತದೆ. ನಮ್ಮ ಹುಡುಗ ಅದರ ಮೂತಿಗೆ ಅಂಟಿಕೊಂಡು, ಬಿದ್ದುಹೋಗಿದ್ದ ಯಂತ್ರದ ಭಾಗವನ್ನು ಕೂರಿಸಿ ಪ್ರಾಣ ಉಳಿಸುತ್ತಾನೆ. ಆಮೇಲೆ ಅಪ್ಪನ ಪತ್ರಿಕೆಯಲ್ಲಿ ಬಂದ ಸುದ್ದಿ ಏನು ಗೊತ್ತೇ? ನೌಕೆ ಕೆಡಲು ಅವನೇ ಕಾರಣ, ಇದೆಲ್ಲ ಪ್ರಚಾರಕ್ಕಾಗಿ ಮಾಡಿದ ಹೂಟ ಎಂದು. ಮಗನನ್ನು ಉಳಿಸಿದ್ದಕ್ಕೆ ಸಿಕ್ಕ ಬಹುಮಾನ ಅದು.

ಜೇಡರಕಾಲು | ರಾತ್ರಿ 9:26
ತಪ್ಪಾಯಿತು. ಮಗ ತೋಳವಾಗುವ ಕಥೆಯೊಂದಿದೆಯಲ್ಲ, ಎರಡೂ ತಲೆಯಲ್ಲಿ ಕಲಸಿಹೋಗಿವೆ.

ನಿವೃತ್ತಮೇಷ್ಟ್ರು | ರಾತ್ರಿ 9:41
ಹಳೆಸಂಚಿಕೆಯವರೇ, ಜನ ದಡ್ಡರಾಗಿರುವುದು ಬರಹಗಾರನ ಸೋಮಾರಿತನ ಎಂದಿರಿ. ಹಾಗಾದರೆ ಅಗಸನ ಮಾತಿಗೆ ಏನು ಹೇಳುತ್ತೀರಿ? ರಾವಣನನ್ನು ಕೊಂದು ಬಂದ ದೊರೆಯ ಸಂಸಾರದ ಬಗ್ಗೆ ಬಟ್ಟೆ ಒಗೆಯುವ ಕಲ್ಲಿನ ಬಳಿ ತೀರ್ಪು ನಡೆಯುತ್ತದೆ. ನಮ್ಮ ಕಥೆ ಹೇಳುವವರಿಗೆ ಇದು ಹೊಸದೇನಲ್ಲ.

ಜೇಮ್ಸನ್ ಬಗ್ಗೆ ಒಂದು ಸೇರಿಸುತ್ತೇನೆ. ಅವನ ದ್ವೇಷಕ್ಕೆ ಕಾರಣ ಊಹಿಸಬೇಕಾಗಿಲ್ಲ, ಅವನೇ ಬಾಯಿಬಿಟ್ಟಿದ್ದಾನೆ. 1964ರ ಹತ್ತನೇ ಸಂಚಿಕೆಯ ಕೊನೆಯಲ್ಲಿ ಕಚೇರಿಯಲ್ಲಿ ಒಬ್ಬನೇ ಇದ್ದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ: ನಾನು ಬದುಕಿಡೀ ದುಡ್ಡಿನ ಬೆನ್ನು ಬಿದ್ದವನು, ಅವನು ಏನೂ ಕೇಳದೆ ಜೀವ ಒತ್ತೆಯಿಡುತ್ತಾನೆ, ಅವನು ಒಳ್ಳೆಯವನೆಂದಾದರೆ ನಾನು ಯಾರು? ಲಾಭವಿಲ್ಲದೆ ಯಾರೂ ಏನೂ ಮಾಡುವುದಿಲ್ಲ ಎಂದು ನಂಬಿ ಬಾಳಿದವನ ಎದುರು, ಲಾಭವಿಲ್ಲದೆ ಮಾಡುವವನೊಬ್ಬ ಬಂದು ನಿಂತರೆ ಇಬ್ಬರಲ್ಲಿ ಒಬ್ಬ ಸುಳ್ಳಾಗಬೇಕು. ತಾನು ಕಳ್ಳ, ಪರರ ನಂಬ.

ಸಂಘದ_ಮಾಜಿ_ಕಾರ್ಯದರ್ಶಿ | ರಾತ್ರಿ 9:48
ಮೇಷ್ಟ್ರೇ, ಈ ಪುಟವನ್ನು ನಮ್ಮ ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿಗೆ ಅಂಟಿಸಬೇಕು. ಎರಡು ವರ್ಷ ಸಂಬಳವಿಲ್ಲದೆ ಕಾರ್ಯದರ್ಶಿ ಕೆಲಸ ಮಾಡಿದೆ. ನೀರಿನ ಮೋಟರ್ ಸುಟ್ಟಾಗ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಸಂಪಿನ ಪಕ್ಕ ಕುಳಿತವನು ನಾನು. ಮುಂದಿನ ಸಭೆಯಲ್ಲಿ ಬಂದ ಮೊದಲ ಪ್ರಶ್ನೆ: “ಹೊಸ ಮೋಟರ್‌ನಲ್ಲಿ ನಿಮಗೆ ಎಷ್ಟು ಉಳಿಯಿತು?” ಕೇಳಿದವರು ಆ ಎರಡು ವರ್ಷದಲ್ಲಿ ಒಂದು ಬಲ್ಬನ್ನೂ ಬದಲಾಯಿಸಿದವರಲ್ಲ.

ಚಿಕ್ಕಿ | ರಾತ್ರಿ 9:50
ಊರಿಗೆ ಉಪಕಾರಿ, ಮನೆಗೆ ಮಾರಿ. ಸ್ಪೈಡರ್‌ಮ್ಯಾನ್ ವೇಷದೊಳಗಿನ ಪೀಟರ್ ಪಾರ್ಕರನ ಜಾತಕವೇ ಇದು. ಸಾಕಿದ ಮೇ ಅತ್ತೆಗೆ ಔಷಧ ತರಬೇಕಾದ ಹೊತ್ತಿನಲ್ಲಿ ಗೋಡೆ ಹತ್ತುತ್ತಿರುತ್ತಾನೆ.

ತುಂಗಾತೀರ | ರಾತ್ರಿ 9:53
ಮೇ ಅತ್ತೆಯಲ್ಲ, ಚಿಕ್ಕಮ್ಮ ಅಥವಾ ದೊಡ್ಡಮ್ಮ. ಅವಳ ಗಂಡ ಬೆನ್ ಅವನ ತಂದೆಯ ಅಣ್ಣ ತಾನೇ?

ಚಿಕ್ಕಿ | ರಾತ್ರಿ 9:54
ಇಂಗ್ಲಿಷಿನವರಿಗೆ ಎಲ್ಲರೂ ‘ಆಂಟಿ’. ನಮಗೆ ಮಾತ್ರ ಈ ಕಷ್ಟ. ದೊಡ್ಡಮ್ಮ ಎಂದೇ ಇಟ್ಟುಕೊಳ್ಳಿ.

ಪಾಲಿಸಿಪುಟ | ರಾತ್ರಿ 10:15
ನಾನು ವಿಮಾ ಸರ್ವೇಯರ್. ಹಾನಿಯಾದ ಜಾಗಕ್ಕೆ ಹೋಗಿ ಫೋಟೊ ತೆಗೆದು ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. ಈ ಪ್ರಶ್ನೆಯನ್ನು ನನ್ನ ಕಡೆಯಿಂದ ನೋಡಿ.

ಕೆಲವು ವರ್ಷದ ಹಿಂದೆ ಮಳೆಗಾಳಿಗೆ ಒಂದು ದೊಡ್ಡ ಮರ ಬೇಕರಿಯ ಮೇಲೆ ಬಿತ್ತು. ಒಳಗೆ ಮೂವರು ಸಿಕ್ಕಿಕೊಂಡಿದ್ದರು. ಪಕ್ಕದ ಕಾಮಗಾರಿಯಲ್ಲಿದ್ದ ಕ್ರೇನ್ ಚಾಲಕನೊಬ್ಬ ಯಾರೂ ಕರೆಯದೆ ತಾನಾಗಿ ಬಂದು, ಸರಪಳಿ ಕಟ್ಟಿ ಮರ ಎತ್ತಿ, ಮೂವರನ್ನೂ ಹೊರಗೆ ತಂದ. ಎತ್ತುವಾಗ ಸರಪಳಿ ತಾಗಿ ಅಂಗಡಿಯ ಬೋರ್ಡು ಸೀಳಿತು. ಮರುದಿನ ನಾನು ಹೋದಾಗ ಮಾಲೀಕರು ಮುರಿದ ಛಾವಣಿಯನ್ನಾಗಲಿ, ಬಗ್ಗಿದ ಷಟರನ್ನಾಗಲಿ ತೋರಿಸಲಿಲ್ಲ. ಕೈ ಹಿಡಿದು ಕರೆದೊಯ್ದು ಬೋರ್ಡು ತೋರಿಸಿದರು. ‘ಬೇಕರಿ’ಯ ‘ಬೇ’ ಹಾರಿಹೋಗಿ ‘ಕರಿ’ ಮಾತ್ರ ಉಳಿದಿತ್ತು. “ಆ ಕ್ರೇನಿನವನು ಸ್ವಲ್ಪ ನೋಡಿಕೊಂಡು ಎತ್ತಬಾರದಿತ್ತೇ?” ಎಂದು ಅರ್ಧ ಗಂಟೆ ಬೈದರು. ಒಳಗೆ ಸಿಕ್ಕಿಕೊಂಡವರಲ್ಲಿ ಒಬ್ಬ ಅವರ ತಮ್ಮನೇ.

ಅವರು ಕೆಟ್ಟವರಲ್ಲ. ಗಾಳಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಬರುವುದಿಲ್ಲ, ಗಾಳಿಗೆ ಮುಖವಿಲ್ಲ. ಕ್ರೇನಿನವನಿಗೆ ಮುಖವಿದೆ. ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್ ಬಂದರೆ ಅದು ಬಿರುಗಾಳಿ. ಥಾರ್ ಸುತ್ತಿಗೆ ಬೀಸಿ ನಿಮ್ಮ ಕಾರಿನ ಮೇಲೆ ಬಿದ್ದರೆ ಅದು ಥಾರ್.

ಮಾರ್ವೆಲ್‌ನವರಿಗೂ ಇದು ಹೊಳೆದಿದೆ. 1989ರ ‘ಡ್ಯಾಮೇಜ್ ಕಂಟ್ರೋಲ್’ ಎಂಬ ನಗೆ ಸರಣಿಯ ನಾಯಕರು ಅತಿಮಾನವರ ಕಾದಾಟ ಮುಗಿದ ಮೇಲೆ ಕಟ್ಟಡ ರಿಪೇರಿ ಮಾಡುವ ಕಂಪನಿಯ ನೌಕರರು. ನನ್ನ ಮಟ್ಟಿಗೆ ಇಡೀ ಮಾರ್ವೆಲ್‌ನಲ್ಲಿ ನಿಜವಾದ ವೀರರು ಅವರೇ.

ಹಳೆಸಂಚಿಕೆ | ರಾತ್ರಿ 10:22
‘ಕರಿ’ಯನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ನೀವು ಹೇಳಿದ್ದು ಹಾನಿಯ ಮಾತು. ಹಾನಿಯೇ ಕಾರಣವಾದರೆ ಜನ ಎಲ್ಲರನ್ನೂ ಸಮನಾಗಿ ಬೈಯಬೇಕಿತ್ತು. ಫೆಂಟಾಸ್ಟಿಕ್ ಫೋರ್‌ನ ಕಟ್ಟಡವೇ ಎಷ್ಟು ಸಲ ಹಾರಿಹೋಗಿದೆ!

ಕೊಡಚಾದ್ರಿ_ಕಿರಣ | ರಾತ್ರಿ 10:30
ಅವರಿಗೆ ಯಾವಾಗಲೂ ಹಾರ ಎನ್ನುವುದೂ ತಪ್ಪು. ಎರಡನೇ ಸಂಚಿಕೆಯಲ್ಲೇ, 1962ರ ಜನವರಿ, ಸ್ಕ್ರಲ್‌ಗಳೆಂಬ ಅನ್ಯಗ್ರಹದವರು ಇವರ ವೇಷ ಹಾಕಿಕೊಂಡು ಕಳ್ಳತನ ಮಾಡಿದ ಕೂಡಲೇ ಊರೆಲ್ಲ ಬೆನ್ನಟ್ಟುತ್ತದೆ. 2006ರ ‘ಸಿವಿಲ್ ವಾರ್’ ಮೊದಲ ಸಂಚಿಕೆಯಲ್ಲಿ ಜಾನಿ ಸ್ಟಾರ್ಮ್‌ನನ್ನು ನೈಟ್‌ಕ್ಲಬ್ ಬಾಗಿಲಲ್ಲಿ ಜನ ಸೇರಿ ಥಳಿಸುತ್ತಾರೆ, ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರುತ್ತಾನೆ. ನೀವು ಹೇಳಿದ ಮೈಯೆಲ್ಲ ಬೆಂಕಿಯ ಹುಡುಗ ಇವನೇ.

ಪಾಪ್‌ಕಾರ್ನ್ | ರಾತ್ರಿ 10:33
ಸಿವಿಲ್ ವಾರ್ ಎಂದರೆ ಲಾಗೋಸ್‌ನಲ್ಲಿ ಕಟ್ಟಡ ಸ್ಫೋಟ ಆಗುತ್ತದಲ್ಲ, ಅದೇ ತಾನೇ? ಜಾನಿ ಅದರಲ್ಲಿ ಇಲ್ಲವೇ ಇಲ್ಲ.

ಕೊಡಚಾದ್ರಿ_ಕಿರಣ | ರಾತ್ರಿ 10:44
ಅದು 2016ರ ಸಿನಿಮಾ. ಲಾಗೋಸ್, ಆಮೇಲೆ ವೀರರನ್ನು ಹತೋಟಿಯಲ್ಲಿಡುವ ಸೊಕೋವಿಯಾ ಒಪ್ಪಂದ, 117 ದೇಶಗಳ ಸಹಿ. ನಾನು ಹೇಳುತ್ತಿರುವುದು ಅದಕ್ಕೆ ಹತ್ತು ವರ್ಷ ಹಿಂದಿನ ಕಾಮಿಕ್ಸ್. ಅಲ್ಲಿ ನ್ಯೂ ವಾರಿಯರ್ಸ್ ಎಂಬ ಹುಡುಗರ ತಂಡ ಟಿವಿ ಕಾರ್ಯಕ್ರಮಕ್ಕಾಗಿ, ಕ್ಯಾಮೆರಾ ಜೊತೆಗಿಟ್ಟುಕೊಂಡು, ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿ ಖಳರನ್ನು ಹಿಡಿಯಲು ಹೋಗುತ್ತದೆ. ನೈಟ್ರೊ ಎಂಬವನು ಶಾಲೆಯ ಪಕ್ಕದಲ್ಲೇ ಸ್ಫೋಟಿಸುತ್ತಾನೆ. 600ಕ್ಕೂ ಹೆಚ್ಚು ಸಾವು, ಅದರಲ್ಲಿ ಮಕ್ಕಳು. ಮಗನನ್ನು ಕಳೆದುಕೊಂಡ ಮಿರಿಯಮ್ ಶಾರ್ಪ್ ಎಂಬ ತಾಯಿ ಐರನ್ ಮ್ಯಾನ್ ಟೋನಿ ಸ್ಟಾರ್ಕ್ ಮುಖಕ್ಕೆ ಉಗುಳುತ್ತಾಳೆ. ಅಲ್ಲಿಂದ ನೋಂದಣಿ ಕಾಯ್ದೆ: ನಿಜವಾದ ಹೆಸರು ಸರ್ಕಾರಕ್ಕೆ ಕೊಡಿ, ತರಬೇತಿ ಪಡೆಯಿರಿ, ಇಲ್ಲವಾದರೆ ಜೈಲು.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಆ ತಾಯಿ ದಡ್ಡಳೇ? ಬಸ್ ಓಡಿಸುವವನಿಗೆ ಲೈಸೆನ್ಸ್ ಬೇಕು, ಕ್ಷೌರದಂಗಡಿಗೂ ಪರವಾನಗಿ ಬೇಕು, ಕಟ್ಟಡ ಕೆಡವುವ ಬಲ ಇರುವ ಹದಿನೇಳರ ಹುಡುಗನಿಗೆ ಮುಖವಾಡ ಒಂದಿದ್ದರೆ ಸಾಕೇ?

ಚಿಕ್ಕಿ | ರಾತ್ರಿ 10:49
ನೀವು ಕಾಯ್ದೆ ಬೆಂಬಲಿಸಿದ ಟೋನಿ ಪಕ್ಷ ಎಂದು ನೇರವಾಗಿ ಹೇಳಿಬಿಡಿ, ಬ್ಲಾಕ್ ಮಾಡುತ್ತೇನೆ.

ಕೊಡಚಾದ್ರಿ_ಕಿರಣ | ರಾತ್ರಿ 10:50
ನಾನು ಟೋನಿ ಪಕ್ಷವಲ್ಲ. ಕಾಯ್ದೆಯ ಪಕ್ಷ.

ಚಿಕ್ಕಿ | ರಾತ್ರಿ 10:58
ಕಾಯ್ದೆ ಒಪ್ಪದವರನ್ನು ಬೇರೆ ಲೋಕದ ಜೈಲಿಗೆ ತಳ್ಳಿದ್ದು, ಹಿಡಿಯಲು ಖಳರನ್ನೇ ಬಾಡಿಗೆಗೆ ಇಟ್ಟದ್ದು, ಅದೂ ಕಾಯ್ದೆಯೇ? ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಆದರೂ ಕೊನೆ ನನಗೆ ಇಷ್ಟ. ಕಾಯ್ದೆ ಒಪ್ಪದವರ ನಾಯಕ ಕ್ಯಾಪ್ಟನ್ ಅಮೆರಿಕ ಗೆಲ್ಲುವ ಹಂತದಲ್ಲಿರುತ್ತಾನೆ, ಟೋನಿಯ ಮೇಲೆ ಕೊನೆಯ ಪೆಟ್ಟಿಗೆ ಕೈ ಎತ್ತಿರುತ್ತಾನೆ. ಆಗ ಅವನ ಮೇಲೆ ಬಿದ್ದು ಹಿಡಿದವರು ಯಾವ ಅತಿಮಾನವರೂ ಅಲ್ಲ. ಅಗ್ನಿಶಾಮಕದವರು, ಆಂಬುಲೆನ್ಸ್‌ನವರು, ಸಾಮಾನ್ಯ ಜನ. ಸುತ್ತ ನೋಡಿದರೆ ಊರು ಪುಡಿಪುಡಿ. ಮುಖವಾಡ ತೆಗೆದು ಕೈ ಮುಂದೆ ಚಾಚುತ್ತಾನೆ, ಕೋಳ ಹಾಕಿಸಿಕೊಳ್ಳುತ್ತಾನೆ.

ನಿವೃತ್ತಮೇಷ್ಟ್ರು | ರಾತ್ರಿ 11:05
ಬೇಲಿ ಹೊಲ ಮೇಯುವ ಗಾದೆಗೆ ‘ವಾಚ್‌ಮೆನ್’ ಪುಸ್ತಕಕ್ಕಿಂತ ದೊಡ್ಡ ವ್ಯಾಖ್ಯಾನ ಇನ್ನೊಂದಿಲ್ಲ. 1986-87ರಲ್ಲಿ ಹನ್ನೆರಡು ಸಂಚಿಕೆ, ಅಲನ್ ಮೂರ್ ಬರಹ, ಡೇವ್ ಗಿಬ್ಬನ್ಸ್ ಚಿತ್ರ. ಆ ಲೋಕದಲ್ಲಿ 1977ರಲ್ಲಿ ಪೊಲೀಸರೇ ಮುಷ್ಕರ ಹೂಡುತ್ತಾರೆ, ಜನ ಬೀದಿಗಿಳಿಯುತ್ತಾರೆ, ಕೀನ್ ಕಾಯ್ದೆ ಬಂದು ಮುಖವಾಡದವರ ಕೆಲಸವೇ ನಿಷೇಧವಾಗುತ್ತದೆ. ಕಾವಲುಗಾರರನ್ನು ಕಾಯುವವರು ಯಾರು ಎಂಬ ಹಳೆಯ ಲ್ಯಾಟಿನ್ ಮಾತು ಗೋಡೆಬರಹವಾಗಿ ಊರಲ್ಲೆಲ್ಲ ಇದೆ. ಒಂದು ಸೂಕ್ಷ್ಮ ಗಮನಿಸಿ: ಆ ಸಾಲು ಕಥೆಯಲ್ಲಿ ಎಲ್ಲಿಯೂ ಪೂರ್ತಿಯಾಗಿ ಕಾಣುವುದಿಲ್ಲ. ಯಾರೋ ಅಡ್ಡ ನಿಂತಿರುತ್ತಾರೆ, ಇಲ್ಲವೇ ಚೌಕಟ್ಟು ಅಲ್ಲಿಗೆ ಮುಗಿಯುತ್ತದೆ.

ಬಂಗಲ್ಲಾ_ಬೀದಿ | ರಾತ್ರಿ 11:12
ಎಲ್ಲರೂ ಅಮೆರಿಕದ ಊರುಗಳಲ್ಲೇ ಸುತ್ತುತ್ತಿದ್ದೀರಿ. ನಮ್ಮ ಕಾಲದ ಹುಡುಗರಿಗೆ ವೀರ ಎಂದರೆ ಕಾಡು ಕಾಯುವ ಮುಖವಾಡದ ಫ್ಯಾಂಟಮ್ ಒಬ್ಬನೇ. 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಶುರುವಾದದ್ದೇ ಅವನ ಕಥೆಯಿಂದ. ಅವನನ್ನು ಕಾಡಿನ ಜನ ಯಾರೂ ಅನುಮಾನಿಸುವುದಿಲ್ಲ. ಕಲ್ಲಿಲ್ಲ, ಕಾಯ್ದೆಯಿಲ್ಲ.

ತುಂಗಾತೀರ | ರಾತ್ರಿ 11:18
ಯಾಕೆ ಅನುಮಾನಿಸುವುದಿಲ್ಲ ಎಂದು ಯೋಚಿಸಿದ್ದೀರಾ? ಅವರಿಗೆ ಸುಳ್ಳು ಹೇಳಲಾಗಿದೆ. ಅವನಿಗೆ ಸಾವಿಲ್ಲ, ನಾನೂರು ವರ್ಷದಿಂದ ಒಬ್ಬನೇ ಇದ್ದಾನೆ ಎಂದು ಅವರ ನಂಬಿಕೆ. ನಿಜಕ್ಕೂ ಅಪ್ಪನ ನಂತರ ಮಗ, 21ನೇ ತಲೆಮಾರು. ಅವನದೇ ಕಾಡಿನ ಪಡೆಗೂ ತಮ್ಮ ದಳಪತಿ ಯಾರೆಂದು ತಿಳಿಯದು, ತಿಜೋರಿಯಲ್ಲಿ ಚೀಟಿ ಬಂದಿರುತ್ತದೆ, ಅದೇ ಆಜ್ಞೆ. ಒಂದು ದಿನ ಯಾರಾದರೂ ಆ ಗೋರಿಗಳ ಸಾಲು ನೋಡಿಬಿಟ್ಟರೆ ಕಾಡಿನವರೂ ಇಟ್ಟಿಗೆ ಹುಡುಕುತ್ತಾರೆ.

ಬಂಗಲ್ಲಾ_ಬೀದಿ | ರಾತ್ರಿ 11:20
ನನ್ನ ಬಾಲ್ಯಕ್ಕೆ ಮಣ್ಣು ಹಾಕಿದಿರಿ. ಆ ಸಂಚಿಕೆಗಳನ್ನು ನಮ್ಮಮ್ಮ ರದ್ದಿಗೆ ಹಾಕಿದಾಗಲೂ ಇಷ್ಟು ನೋವಾಗಿರಲಿಲ್ಲ.

ಪಾಪ್‌ಕಾರ್ನ್ | ರಾತ್ರಿ 11:23
ಯಾರ ಬಳಿಯಾದರೂ ಹಳೆಯ ಇಂದ್ರಜಾಲ ಮಾರಾಟಕ್ಕಿದೆಯೇ?

ನಿರ್ವಾಹಕ | ರಾತ್ರಿ 11:25
ಕೊಡುಕೊಳ್ಳುವಿಕೆಗೆ ಬೇರೆ ವಿಭಾಗವಿದೆ. ಇಲ್ಲಿ ಬೇಡ.

ಒಂದೇಗುದ್ದು | ರಾತ್ರಿ 11:40
ಜಪಾನಿನ ಕಡೆಯಿಂದ ಒಂದು. ‘ಒನ್ ಪಂಚ್ ಮ್ಯಾನ್’ ಕಾಮಿಕ್ಸ್‌ನಲ್ಲಿ ನಾಯಕ ಸೈತಾಮಾ ಆಕಾಶದಿಂದ ಬೀಳುವ ಉಲ್ಕೆಯನ್ನು ಒಡೆದು ಊರು ಉಳಿಸುತ್ತಾನೆ. ಚೂರುಗಳು ಬಿದ್ದು ಮನೆ ಮುರಿದವರು ಬಂದು ಅವನನ್ನೇ ಬೈಯುತ್ತಾರೆ. ಪಾಲಿಸಿಪುಟ ಅವರ ಬೇಕರಿ ಕಥೆಯೇ ಇದು. ಇನ್ನೊಮ್ಮೆ ಕಡಲ ರಾಕ್ಷಸನನ್ನು ಒಂದೇ ಗುದ್ದಿಗೆ ಮುಗಿಸಿದಾಗ, ಇಷ್ಟು ಸುಲಭವಾಗಿದ್ದರೆ ಮೊದಲು ಹೊಡೆಸಿಕೊಂಡವರೆಲ್ಲ ಕೆಲಸಕ್ಕೆ ಬಾರದವರು ಎಂದು ಯಾರೋ ಗೊಣಗುತ್ತಾನೆ. ಆಗ ಸೈತಾಮಾ ನಗುತ್ತಾ, ಅವರು ರಾಕ್ಷಸನನ್ನು ಸುಸ್ತು ಮಾಡಿಟ್ಟಿದ್ದರು, ನಾನು ಬಂದು ಹೆಸರು ಕದ್ದೆ ಎನ್ನುತ್ತಾನೆ. ಗಾಯಗೊಂಡವರ ಮಾನ ಉಳಿಯಿತು, ಅವನು ಮೋಸಗಾರನಾದ.

ಸಂಘದ_ಮಾಜಿ_ಕಾರ್ಯದರ್ಶಿ | ರಾತ್ರಿ 11:44
ನಾನು ಅಷ್ಟು ದೊಡ್ಡವನಲ್ಲ. ರಶೀದಿ ತೋರಿಸಿದೆ.

ಬಾಡಿಗೆಮನೆ | ಬೆಳಿಗ್ಗೆ 7:05
ರಾತ್ರಿಯೆಲ್ಲ ಓದಿದೆ. ಹಳೆಸಂಚಿಕೆಯವರ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹಾಟ್‌ಡಾಗ್ ಮಾರುವವನಿಗೆ ಇವನು ಮ್ಯೂಟಂಟ್ ಎಂದು ಹೇಗೆ ಗೊತ್ತಾಗುತ್ತದೆ?

ಬೆಂಗಳೂರಿನಲ್ಲಿ ಮನೆ ಹುಡುಕುತ್ತಿದ್ದೆ. ಒಂದು ಮನೆ ಹಿಡಿಸಿತು. ಮಾಲೀಕರು ಒಳ್ಳೆಯವರು, ಮೇಲಿನ ಮಹಡಿಗೆ ತಾವೇ ಹತ್ತಿ ಬಂದು ಬಾಗಿಲು ತೆಗೆದರು, ಮಜ್ಜಿಗೆ ಕೊಡಿಸಿದರು. ನನ್ನ ಕೆಲಸ ಕೇಳಿ ಖುಷಿಪಟ್ಟರು. ಮುಂಗಡದ ಮಾತು ಮುಗಿದಿತ್ತು, ಬೀಗದ ಕೈ ಅವರ ಅಂಗೈಯಲ್ಲಿತ್ತು. ಆಗ ಕೇಳಿದರು: “ಊರು ಯಾವುದು ಅಂದಿರಿ? ಅಲ್ಲಿ ಯಾವ ಬೀದಿ?” ಹೇಳಿದೆ. “ತಂದೆಯವರ ಹೆಸರು?” ಹೇಳಿದೆ. “ಮನೆಯಲ್ಲಿ ಅಡುಗೆ ಹೇಗೆ?” ಮೂರನೆಯ ಉತ್ತರಕ್ಕೆ ಬೀಗದ ಕೈ ಜೇಬಿಗೆ ಹೋಯಿತು. ಮಗಳ ಜೊತೆ ಮಾತಾಡಿ ಹೇಳುತ್ತೇನೆ ಎಂದರು. ಇನ್ನೂ ಹೇಳಿಲ್ಲ. ಮಜ್ಜಿಗೆ ಲೋಟ ಮಾತ್ರ ಅರ್ಧ ಕುಡಿದದ್ದು ಹಾಗೇ ಕಟ್ಟೆಯ ಮೇಲಿತ್ತು.

ನನ್ನ ಹಣೆಯ ಮೇಲೂ ಏನೂ ಬರೆದಿರಲಿಲ್ಲ. ತಿಳಿಯಬೇಕೆಂದಿರುವವರು ತಿಳಿದುಕೊಳ್ಳುತ್ತಾರೆ, ಪ್ರಶ್ನೆಗಳು ಅವರ ಬಳಿ ಸಿದ್ಧವಾಗಿರುತ್ತವೆ. ಎಕ್ಸ್-ಮೆನ್ ಕಥೆಯಲ್ಲಿ ತರ್ಕ ಇಲ್ಲ ಎನ್ನುತ್ತೀರಿ. ಬೆಂಕಿ ಹುಡುಗನಿಗೆ ಚಪ್ಪಾಳೆ, ಕಣ್ಣಿನವನಿಗೆ ಕಲ್ಲು. ನನಗೆ ಅದೊಂದೇ ಭಾಗ ನಂಬುವಂತೆ ಕಾಣುತ್ತದೆ.

ನಿವೃತ್ತಮೇಷ್ಟ್ರು | ಬೆಳಿಗ್ಗೆ 7:31
ನಿಮ್ಮ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಓದಿದೆ ಎಂದು ತಿಳಿಸಲಷ್ಟೇ ಬರೆಯುತ್ತಿದ್ದೇನೆ.

ತುಂಗಾತೀರ | ಬೆಳಿಗ್ಗೆ 8:10
‘ಮಾರ್ವೆಲ್ಸ್’ ಓದಿದ್ದೀರಾ ಬಾಡಿಗೆಮನೆಯವರೇ? 1994, ನಾಲ್ಕು ಸಂಚಿಕೆ, ಕರ್ಟ್ ಬ್ಯೂಸಿಕ್ ಕಥೆ, ಅಲೆಕ್ಸ್ ರಾಸ್ ಬಣ್ಣ. ಎಲ್ಲವೂ ಫಿಲ್ ಶೆಲ್ಡನ್ ಎಂಬ ಪತ್ರಿಕಾ ಛಾಯಾಗ್ರಾಹಕನ ಕಣ್ಣಲ್ಲಿ. ಈ ಚರ್ಚೆಯ ಶೀರ್ಷಿಕೆಯಲ್ಲಿರುವ ಇಟ್ಟಿಗೆ ಅಲ್ಲಿಯದೇ ಎಂದು ನನ್ನ ಅನುಮಾನ. ಎರಡನೇ ಸಂಚಿಕೆಯಲ್ಲಿ ಗುಂಪು ಎಕ್ಸ್-ಮೆನ್ ತಂಡವನ್ನು ಸುತ್ತುವರಿಯುತ್ತದೆ. ಫಿಲ್ ಸಂಭಾವಿತ, ಎರಡು ಹೆಣ್ಣುಮಕ್ಕಳ ತಂದೆ. ಅವನ ಕೈಯಲ್ಲೂ ಇಟ್ಟಿಗೆ ಇರುತ್ತದೆ, ಎಸೆಯುತ್ತಾನೆ, ತಂಡದ ಐಸ್‌ಮ್ಯಾನ್‌ಗೆ ತಗುಲುತ್ತದೆ. ತಿರುಗಿ ಹೊಡೆಯಲು ಹೊರಟ ಹುಡುಗನನ್ನು ತಂಡದ ನಾಯಕ ಸೈಕ್ಲಾಪ್ಸ್ ತಡೆಯುತ್ತಾನೆ: ಬಿಡು, ಇವರು ಅಷ್ಟು ಬೆಲೆ ಬಾಳುವವರಲ್ಲ. ಆ ಮಾತು ಫಿಲ್‌ನ ಕಿವಿಯಿಂದ ಇಳಿಯುವುದೇ ಇಲ್ಲ.

ಆಮೇಲೆ ಮನೆಗೆ ಬಂದರೆ ತನ್ನ ಮಕ್ಕಳೇ ಒಬ್ಬ ಮ್ಯೂಟಂಟ್ ಹುಡುಗಿಯನ್ನು ಬಚ್ಚಿಟ್ಟು ಊಟ ಹಾಕುತ್ತಿದ್ದಾರೆ. ಅವಳ ಮುಖ ನೋಡಿದಾಗ ಅವನಿಗೆ ಯುದ್ಧ ಮುಗಿದಾಗ ಯಾತನಾ ಶಿಬಿರಗಳಲ್ಲಿ ಕಂಡ ಕಣ್ಣುಗಳು ನೆನಪಾಗುತ್ತವೆ.

ಹಳೆಸಂಚಿಕೆ | ಬೆಳಿಗ್ಗೆ 8:25
ಅನುಮಾನ ಸರಿ, ಅಲ್ಲಿಯದೇ ಇಟ್ಟಿಗೆ. ಅದನ್ನು ಶೀರ್ಷಿಕೆಗೆ ಎತ್ತಿಕೊಂಡೆ, ಎಸೆದವನ ಮನೆಯೊಳಗೆ ಆಮೇಲೆ ಏನಾಯಿತು ಎನ್ನುವುದನ್ನು ಮರೆತುಬಿಟ್ಟಿದ್ದೆ. ಹಾಟ್‌ಡಾಗ್ ವ್ಯಾಪಾರಿಯ ಪ್ರಶ್ನೆಯನ್ನು ವಾಪಸು ಪಡೆಯುತ್ತೇನೆ, ಬಾಡಿಗೆಮನೆಯವರೇ. ಸ್ಪೈಡರ್‌ಮ್ಯಾನ್ ವಿಷಯದಲ್ಲಿ ಮಾತ್ರ ಸೋಲುವುದಿಲ್ಲ.

ಮೆಟ್ರೊಪೊಲಿಸ್_ಮಂಜು | ಬೆಳಿಗ್ಗೆ 9:02
ಮಾರ್ವೆಲ್‌ನ ಎದುರಾಳಿ ಪ್ರಕಾಶಕ ಡಿಸಿ ಕಡೆ ಯಾರೂ ಬರಲಿಲ್ಲ. ಅಲ್ಲಿ ಊರಿಗೆ ಊರೇ ಅಭಿಮಾನಿ ಸಂಘ. ಸೆಂಟ್ರಲ್ ಸಿಟಿಯಲ್ಲಿ ಫ್ಲ್ಯಾಶ್‌ಗೆ ವಸ್ತುಸಂಗ್ರಹಾಲಯವನ್ನೇ ಕಟ್ಟಿದ್ದಾರೆ. ನಂಬಿಕೆ ಇರುವ ಲೋಕ ಬೇಕಾದರೆ ಇಲ್ಲಿಗೆ ಬನ್ನಿ.

ಕೊಡಚಾದ್ರಿ_ಕಿರಣ | ಬೆಳಿಗ್ಗೆ 9:20
ಅರ್ಧ ನಿಜ. ಶುರುವಿನ ಸೂಪರ್‌ಮ್ಯಾನ್ ಪೊಲೀಸರಿಗೆ ಬೇಕಾದವನಾಗಿದ್ದ. 1939ರ ಜನವರಿಯ ‘ಆ್ಯಕ್ಷನ್ ಕಾಮಿಕ್ಸ್’ನಲ್ಲಿ ಹುಡುಗರು ಕಳ್ಳರಾಗಲು ಕೊಳೆಗೇರಿಯೇ ಕಾರಣ ಎಂದು ಇಡೀ ಕೊಳೆಗೇರಿಯನ್ನು ಕೈಯಾರೆ ಕೆಡವುತ್ತಾನೆ, ಸೈನಿಕರು ಬೆನ್ನಟ್ಟುತ್ತಾರೆ, ಕೊನೆಗೆ ಸರ್ಕಾರ ಅಲ್ಲಿ ಹೊಸ ಮನೆ ಕಟ್ಟಬೇಕಾಗುತ್ತದೆ.

ಇನ್ನೊಂದು. ಡಿಸಿಯ ವೀರರ ತಂಡವಾದ ಜಸ್ಟಿಸ್ ಸೊಸೈಟಿಯ ಕಥೆಗಳು 1951ರಲ್ಲಿ ನಿಂತುಹೋದವು, ಕಾರಣ ಮಾರಾಟ. 1979ರಲ್ಲಿ ಅದಕ್ಕೆ ಕಥೆಯೊಳಗೊಂದು ಕಾರಣ ಕೊಟ್ಟರು: ಅಮೆರಿಕ ಸಂಸತ್ತಿನ ಸಮಿತಿ ಅವರನ್ನು ಕರೆಸಿ, ನಿಷ್ಠೆ ಸಾಬೀತು ಮಾಡಲು ಮುಖವಾಡ ತೆಗೆಯಿರಿ ಎನ್ನುತ್ತದೆ. ಅವರು ತೆಗೆಯುವುದಿಲ್ಲ, ವಾದವನ್ನೂ ಮಾಡುವುದಿಲ್ಲ, ಎದ್ದು ಹೋಗಿಬಿಡುತ್ತಾರೆ. ನಿಜವಾದ ಅಮೆರಿಕದಲ್ಲಿ ಆ ಕಾಲಕ್ಕೆ ಸಿನಿಮಾದವರನ್ನು ಹಾಗೆ ಕರೆಸುತ್ತಿದ್ದರು. 1954ರಲ್ಲಿ ಕಾಮಿಕ್ಸ್ ಪ್ರಕಾಶಕರೂ ಸೆನೆಟ್ ಸಮಿತಿಯ ಮುಂದೆ ಕೂರಬೇಕಾಯಿತು, ಮಕ್ಕಳು ಕೆಡಲು ಈ ಪುಸ್ತಕಗಳೇ ಕಾರಣ ಎಂಬ ದೂರಿನ ಮೇಲೆ. ವೀರರನ್ನು ಜನ ನಂಬದ ಕಥೆ ಬರೆಯಲು ಅವರು ದೂರ ಹೋಗಬೇಕಾಗಿರಲಿಲ್ಲ.

ಮೆಟ್ರೊಪೊಲಿಸ್_ಮಂಜು | ಬೆಳಿಗ್ಗೆ 9:26
ವಸ್ತುಸಂಗ್ರಹಾಲಯ ಇರುವುದು ನಿಜ ತಾನೇ?

ಕೊಡಚಾದ್ರಿ_ಕಿರಣ | ಬೆಳಿಗ್ಗೆ 9:27
ನಿಜ.

ಜೇಡರಕಾಲು | ಬೆಳಿಗ್ಗೆ 9:45
ಸ್ಪೈಡರ್‌ಮ್ಯಾನ್‌ಗೆ ಹಿಂತಿರುಗೋಣ. ಜನ ನಂಬದಿರಲು ಅವನೂ ಕಾರಣ ಎನ್ನುವುದನ್ನು ಮರೆಯುತ್ತೇವೆ. ಎರಡನೇ ಸಂಚಿಕೆಯಿಂದಲೇ ತನ್ನ ಫೋಟೊಗಳನ್ನು ತಾನೇ ತೆಗೆದು ಜೇಮ್ಸನ್‌ಗೆ ಮಾರುತ್ತಾನೆ. ಅದೇ ಫೋಟೊ ಹಾಕಿ ಜೇಮ್ಸನ್ ಬೈಯುತ್ತಾನೆ, ಬೈದಷ್ಟೂ ಪತ್ರಿಕೆ ಖರ್ಚಾಗುತ್ತದೆ, ಖರ್ಚಾದಷ್ಟೂ ಹೊಸ ಫೋಟೊ ಬೇಕು. ದೊಡ್ಡಮ್ಮನ ಔಷಧಕ್ಕೆ ದುಡ್ಡು ಬರುವುದು ಆ ಬೈಗುಳದಿಂದ. ಇದಕ್ಕಿಂತ ಒಳ್ಳೆಯ ವ್ಯಾಪಾರ ಇಬ್ಬರಿಗೂ ಬೇರೆ ಸಿಕ್ಕಿರಲಿಲ್ಲ.

ಹಳೆಸಂಚಿಕೆ | ಬೆಳಿಗ್ಗೆ 9:58
ಬೇರೆ ದಾರಿ ಕೊಟ್ಟಿದ್ದರೆ ತಾನೇ? ದುಡಿದ ದುಡ್ಡನ್ನೂ ಕೊಡಲಿಲ್ಲ ಆ ಊರು. ಮೊದಲ ಸಂಚಿಕೆಯಲ್ಲಿ ಪ್ರದರ್ಶನಕ್ಕೆ ಸಿಕ್ಕ ಚೆಕ್ ಹಿಡಿದು, ವೇಷದಲ್ಲೇ ಬ್ಯಾಂಕಿಗೆ ಹೋಗುತ್ತಾನೆ. ಚೆಕ್ ಇರುವುದು ಸ್ಪೈಡರ್‌ಮ್ಯಾನ್ ಹೆಸರಿಗೆ. ಗುಮಾಸ್ತ ಗುರುತಿನ ಪುರಾವೆ ಕೇಳುತ್ತಾನೆ. ಈ ವೇಷ ಸಾಲದೇ ಎಂದರೆ, ವೇಷ ಯಾರು ಬೇಕಾದರೂ ಹಾಕಬಹುದು ಎಂಬ ಉತ್ತರ. ಬರಿಗೈಯಲ್ಲಿ ವಾಪಸು. ಹುಡುಗನ ಹೊಟ್ಟೆಯ ಮೇಲೆ ಹೊಡೆದ ಆ ಗುಮಾಸ್ತನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಕೌಂಟರ್_ನಾಲ್ಕು | ಬೆಳಿಗ್ಗೆ 10:20
ಬ್ಯಾಂಕಿನ ನಗದು ಕೌಂಟರಿನಲ್ಲಿ ಕುಳಿತೇ ಇದನ್ನು ಓದಿದೆ. ಆ ಗುಮಾಸ್ತ ಮಾಡಿದ್ದು ನೂರಕ್ಕೆ ನೂರು ಸರಿ. ಆಧಾರ್, ಪಾನ್, ಎರಡು ಪಾಸ್‌ಪೋರ್ಟ್ ಅಳತೆಯ ಫೋಟೊ. ಫೋಟೊದಲ್ಲಿ ಮುಖ ಪೂರ್ತಿ ಕಾಣಬೇಕು.